ನಾಳದ ಹೆಸರು, ನೆತ್ತರಿನ ದಾರಿ

ಹಳೆಯದೊಂದು ಫ್ರೆಂಚ್ ಶಸ್ತ್ರವೈದ್ಯ ಗ್ರಂಥವನ್ನು ಇಂಗ್ಲಿಷಿಗೆ ತರಲು ಕುಳಿತ ಅನುವಾದಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಎರಡೂ ಭಾಷೆಗಳನ್ನು ಚೆನ್ನಾಗಿ ಬಲ್ಲವನು. ಮೇಜಿನ ಮೇಲೆ ದಪ್ಪನೆಯ ನಿಘಂಟೂ ಉಂಟು. ಕತ್ತಿನ ರಕ್ತನಾಳಗಳನ್ನು ಕುರಿತ ಅಧ್ಯಾಯದಲ್ಲಿ ಅವನಿಗೆ 'ಕರೊತೀಡ್ ಪ್ರಿಮಿತೀವ್' ಎಂಬ ಹೆಸರು ಎದುರಾಗುತ್ತದೆ. ಕರೊತೀಡ್ ಎಂದರೆ ತಲೆಗೆ ರಕ್ತವನ್ನು ಒಯ್ಯುವ ಕತ್ತಿನ ಧಮನಿ, ಇಂಗ್ಲಿಷಿನಲ್ಲಿ ಕೆರಾಟಿಡ್. ಅಲ್ಲಿಯವರೆಗೆ ತೊಡಕಿಲ್ಲ. ಆದರೆ ಈ 'ಪ್ರಿಮಿತೀವ್' ಯಾವುದು? ಇಂಗ್ಲಿಷಿನ 'ಪ್ರಿಮಿಟಿವ್' ಎಂದರೆ ಆದಿಮ, ವಿಕಾಸ ಹೊಂದದ, ಅನಾಗರಿಕ ಎಂಬ ಅರ್ಥಗಳು ಮನಸ್ಸಿಗೆ ಬರುತ್ತವೆ. ಮನುಷ್ಯನ ಕತ್ತಿನಲ್ಲಿ ಅನಾಗರಿಕ ಧಮನಿಯೊಂದು ಇರಲು ಸಾಧ್ಯವೇ?

ಫ್ರೆಂಚ್ ವೈದ್ಯನ ಮನಸ್ಸಿನಲ್ಲಿದ್ದ ಅರ್ಥ ಸರಳವಾದದ್ದು. ಆ ಧಮನಿ ಕತ್ತಿನಲ್ಲಿ ಮೇಲೇರಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮಿದುಳಿನ ಕಡೆಗೆ, ಇನ್ನೊಂದು ಮುಖದ ಕಡೆಗೆ. ಕವಲೊಡೆಯುವುದಕ್ಕೆ ಮುಂಚಿನ ಮೂಲಕಾಂಡವನ್ನು ಅವನು 'ಮೊದಲಿನದು' ಎಂದು ಕರೆದ. ಅದೇ ಕಾಂಡ ಎರಡು ಕವಲುಗಳಿಗೂ ಸಮಾನವಾಗಿ ಸೇರಿದ್ದೆಂದು ಇಂಗ್ಲಿಷ್ ವೈದ್ಯ 'ಕಾಮನ್' ಎಂದ. ಒಬ್ಬನು ಮೊದಲು ಯಾವುದು, ಆಮೇಲೆ ಯಾವುದು ಎಂದು ನೋಡಿದ. ಇನ್ನೊಬ್ಬನು ಇದು ಯಾರ ಯಾರ ಪಾಲಿನದು ಎಂದು ನೋಡಿದ. ನಾಳ ಮಾತ್ರ ಒಂದೇ. ಈ ಒಂದು ಪದವನ್ನು ದಾಟಲು ನಿಘಂಟು ಸಾಲದು. ಅನುವಾದಕ ನೆತ್ತರಿನ ಜೊತೆಯಲ್ಲಿ ಎದೆಯಿಂದ ಕತ್ತಿನವರೆಗೆ ನಡೆದು ಬರಬೇಕು.

ಕಾವ್ಯದ ಅನುವಾದದಲ್ಲಿ ಪದ ತಪ್ಪಿದರೆ ರಸಭಂಗವಾದೀತು. ವೈದ್ಯಗ್ರಂಥದಲ್ಲಿ ತಪ್ಪಿದರೆ ಕತ್ತಿ ಹಿಡಿದ ಕೈ ದಾರಿ ತಪ್ಪೀತು. ಆದ್ದರಿಂದ ಫ್ರೆಂಚ್ ರಕ್ತನಾಳಗಳು ಇಂಗ್ಲಿಷ್ ಹೆಸರುಗಳನ್ನು ಪಡೆದ ಚರಿತ್ರೆ ಕೇವಲ ಭಾಷಾಶಾಸ್ತ್ರಜ್ಞರ ಕುತೂಹಲಕ್ಕೆ ಬಿಟ್ಟ ವಿಷಯವಲ್ಲ. ಮನುಷ್ಯ ತನ್ನ ದೇಹವನ್ನು ಎಷ್ಟು ತಡವಾಗಿ, ಎಷ್ಟು ತಪ್ಪುಗಳ ಮೂಲಕ ಅರಿತುಕೊಂಡ ಎಂಬುದರ ದಾಖಲೆಯೂ ಅದರಲ್ಲಿದೆ.

ಮೊದಲು ಇಂಗ್ಲಿಷಿನ ಸ್ಥಿತಿಯನ್ನೇ ನೋಡಬಹುದು. ಪ್ರಾಚೀನ ಇಂಗ್ಲಿಷಿನಲ್ಲಿ ರಕ್ತನಾಳಕ್ಕೆ 'ಆಡ್ರೆ' ಎಂಬ ತನ್ನದೇ ಆದ ಮಾತಿತ್ತು. ನೀರು ಹರಿಯುವ ಸಣ್ಣ ಕಾಲುವೆಗೂ ಅದೇ ಮಾತು ಸಲ್ಲುತ್ತಿತ್ತು. ಅದರ ಸೋದರಪದವಾದ 'ಆಡರ್' ಜರ್ಮನ್ ಭಾಷೆಯಲ್ಲಿ ಇಂದಿಗೂ ಬದುಕಿದೆ. ಜರ್ಮನರು ಧಮನಿಯನ್ನು 'ಬಡಿಯುವ ನಾಳ' ಎಂಬರ್ಥದಲ್ಲಿ 'ಶ್ಲಾಗ್‌ಆಡರ್' ಎನ್ನುತ್ತಾರೆ. ಆದರೆ 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ, ನ್ಯಾಯಾಲಯದ, ವಿದ್ಯೆಯ ಮಾತುಗಳೊಂದಿಗೆ ದೇಹದೊಳಗಿನ ಮಾತುಗಳೂ ಫ್ರೆಂಚಿನಿಂದ ಹರಿದುಬಂದವು. ಇಂಗ್ಲಿಷರ 'ವೇನ್' ಎಂಬುದು ಫ್ರೆಂಚಿನ 'ವೆನ್'. 'ವೆಸಲ್' ಎಂಬುದು ಹಳೆಯ ಫ್ರೆಂಚಿನ 'ವೆಸೆಲ್'. ಈ ಕೊನೆಯ ಮಾತಿಗೆ ಪಾತ್ರೆ ಎಂದೂ ಹಡಗು ಎಂದೂ ರಕ್ತನಾಳ ಎಂದೂ ಅರ್ಥವಾಗುತ್ತದೆ. ಹೀಗೆ 'ಆಡ್ರೆ' ಸದ್ದಿಲ್ಲದೆ ಸತ್ತಿತು. ಮುಂದೆ ಶತಮಾನಗಳು ಕಳೆದು ಇಂಗ್ಲಿಷ್ ವೈದ್ಯರು ಫ್ರೆಂಚ್ ಗ್ರಂಥಗಳನ್ನು ಅನುವಾದಿಸಲು ತೊಡಗಿದಾಗ, ಅವರ ಕೈಯಲ್ಲಿದ್ದ ಉಪಕರಣಗಳೇ ಹಿಂದೊಮ್ಮೆ ಫ್ರೆಂಚರಿಂದ ಎರವಲು ತಂದವಾಗಿದ್ದವು.

'ಆರ್ಟರಿ' ಎಂಬ ಮಾತಿನ ಕಥೆ ಇನ್ನೂ ಹಿಂದಿನದು. ಗ್ರೀಕರ 'ಆರ್ಟೀರಿಯ' ಮೂಲದಲ್ಲಿ ಶ್ವಾಸನಾಳವನ್ನೂ ಸೂಚಿಸುತ್ತಿದ್ದ ಪದ. ಸತ್ತ ಪ್ರಾಣಿಯ ದೇಹವನ್ನು ಬಗೆದು ನೋಡಿದಾಗ ಸಿರೆಗಳಲ್ಲಿ ರಕ್ತ ಕಾಣುತ್ತದೆ. ಧಮನಿಗಳು ಬಹುಮಟ್ಟಿಗೆ ಬರಿದಾಗಿರುತ್ತವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಎರಾಸಿಸ್ಟ್ರಾಟಸ್ ಈ ನಾಳಗಳಲ್ಲಿ ಹರಿಯುವುದು ಪ್ರಾಣವಾಯು ಎಂದು ಬಗೆದಿದ್ದ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಗ್ಯಾಲೆನ್ ಜೀವಂತ ಪ್ರಾಣಿಯ ಧಮನಿಯನ್ನು ಎರಡು ಕಡೆ ಬಿಗಿದು, ನಡುವೆ ಸೀಳಿ, ಒಳಗಿರುವುದು ರಕ್ತವೇ ಎಂದು ತೋರಿಸಿದ. ತಪ್ಪು ತೊಲಗಿತು, ಹೆಸರು ಉಳಿಯಿತು. ಫ್ರೆಂಚಿನಲ್ಲಿ ಶ್ವಾಸನಾಳವನ್ನು ಬಹುಕಾಲ 'ತ್ರಶೆ-ಆರ್ತೇರ್' ಎಂದೇ ಕರೆಯುತ್ತಿದ್ದರು. ಇದನ್ನು ಕಂಡು ಯಾವುದೋ ಧಮನಿಯಿರಬೇಕೆಂದು ನಂಬಿದ ಅನುವಾದಕ ಉಸಿರಿನ ದಾರಿಯಲ್ಲಿ ನೆತ್ತರನ್ನು ಹರಿಸಿಬಿಟ್ಟಾನು.

ಫ್ರೆಂಚ್ ಭಾಷೆಗೆ ಶಸ್ತ್ರವೈದ್ಯದ ಗೌರವವನ್ನು ತಂದುಕೊಟ್ಟವನು ಆಂಬ್ರ್ವಾಸ್ ಪಾರೆ. ಹದಿನಾರನೆಯ ಶತಮಾನದ ಈ ಪುರುಷ ಕ್ಷೌರಿಕ ಶಸ್ತ್ರವೈದ್ಯರ ಪರಂಪರೆಯಿಂದ ಬಂದವನು, ಲ್ಯಾಟಿನ್ ಕಲಿತವನಲ್ಲ. ಅಂದಿನ ವೈದ್ಯರು ಲ್ಯಾಟಿನ್ನಿನಲ್ಲಿ ವಾದಿಸುತ್ತಿದ್ದರು. ಕತ್ತಿ ಹಿಡಿದು ರಕ್ತದಲ್ಲಿ ಕೈ ಅದ್ದುವ ಕೆಲಸವನ್ನು ಕ್ಷೌರಿಕರಿಗೆ ಬಿಟ್ಟಿದ್ದರು. ಗಾಯಗೊಂಡ ಸೈನಿಕನ ಕಾಲನ್ನು ಕತ್ತರಿಸಬೇಕಾಗಿ ಬಂದಾಗ ರಕ್ತ ನಿಲ್ಲಿಸಲು ಕಾದ ಕಬ್ಬಿಣದಿಂದ ಸುಡುವುದು ವಾಡಿಕೆ. ಅದರ ಬದಲು ರಕ್ತ ಚಿಮ್ಮುವ ನಾಳದ ತುದಿಯನ್ನು ಹಿಡಿದೆಳೆದು ದಾರದಿಂದ ಬಿಗಿದು ಕಟ್ಟುವ ಕ್ರಮವನ್ನು ಪಾರೆ ಅಂಗಚ್ಛೇದದಲ್ಲಿ ಬಳಸಿದ. 1552ರಲ್ಲಿ ದಾನ್ವಿಲಿಯೆರ್ ಮುತ್ತಿಗೆಯ ಕಾಲದಲ್ಲಿ ಅದನ್ನು ಪ್ರಯೋಗಿಸಿ, 1564ರ ಗ್ರಂಥದಲ್ಲಿ ವಿವರಿಸಿದ. ನಾಳವನ್ನು ಹಿಡಿಯುವ ಇಕ್ಕಳಕ್ಕೆ ಫ್ರೆಂಚರು ಇಟ್ಟಿದ್ದ ಹೆಸರು ಕಾಗೆಯ ಕೊಕ್ಕು. ಕಮ್ಮಾರನಿಗೂ ಸಿಪಾಯಿಗೂ ತಿಳಿಯುವ ಮಾತು!

1575ರಲ್ಲಿ ಪಾರೆಯ ಸಮಗ್ರ ಕೃತಿಗಳು ಫ್ರೆಂಚಿನಲ್ಲಿ ಪ್ರಕಟವಾದಾಗ ಪ್ಯಾರಿಸಿನ ವೈದ್ಯಪೀಠ ಅದನ್ನು ತಡೆಯಲು ಯತ್ನಿಸಿತು. ದೇಹದ ರಹಸ್ಯಗಳನ್ನು ಆಡುಮಾತಿನಲ್ಲಿ ಬರೆಯುವುದು ಆ ಪಂಡಿತರಿಗೆ ಸಹಿಸದಾಯಿತು. ಗ್ರಂಥ ನಿಲ್ಲಲಿಲ್ಲ. ಆದರೆ ಅದು ಇಂಗ್ಲಿಷಿಗೆ ತಲುಪಿದ ದಾರಿ ಗಮನಾರ್ಹವಾಗಿದೆ. ಪಾರೆಯ ಶಿಷ್ಯ ಗಿಯ್ಮೊ 1582ರಲ್ಲಿ ಅದನ್ನು ಲ್ಯಾಟಿನ್ನಿಗೆ ತಂದ. 1634ರಲ್ಲಿ ಥಾಮಸ್ ಜಾನ್ಸನ್ ಎಂಬ ಲಂಡನ್ನಿನ ಔಷಧಿಕಾರ, ಸಸ್ಯಶಾಸ್ತ್ರಜ್ಞನೂ ಹೌದು, ಆ ಲ್ಯಾಟಿನ್ನಿನಿಂದ ಅನುವಾದಿಸಿ, ಫ್ರೆಂಚ್ ಮೂಲದೊಡನೆ ಹೋಲಿಸಿ ಇಂಗ್ಲಿಷ್ ಆವೃತ್ತಿಯನ್ನು ಹೊರತಂದ. ಲ್ಯಾಟಿನ್ ಬಾರದವನ ಪುಸ್ತಕ ನೆರೆಯ ದೇಶಕ್ಕೆ ಹೋಗಲು ಲ್ಯಾಟಿನ್ ಎಂಬ ಸೇತುವೆಯನ್ನೇ ದಾಟಬೇಕಾಯಿತು.

ಆ ಸೇತುವೆಯ ಮೇಲೆ ಎರಡು ಭಾಷೆಗಳು ಬೇರೆ ಬೇರೆ ದಾರಿ ಹಿಡಿದುದನ್ನು ಕಾಣಬಹುದು. ದೇಹದ ಮಲಿನರಕ್ತವನ್ನೆಲ್ಲ ಹೃದಯಕ್ಕೆ ತರುವ ದೊಡ್ಡ ಸಿರೆಗೆ ಲ್ಯಾಟಿನ್ನಿನಲ್ಲಿ 'ವೇನ ಕಾವ', ಅಂದರೆ ಪೊಳ್ಳು ಸಿರೆ ಎಂದು ಹೆಸರು. ಕರುಳಿನಿಂದ ಯಕೃತ್ತಿಗೆ ರಕ್ತವನ್ನು ಒಯ್ಯುವುದು ಬಾಗಿಲ ಸಿರೆ. ಫ್ರೆಂಚರು ಇವನ್ನು 'ವೆನ್ ಕಾವ್', 'ವೆನ್ ಪೋರ್ತ್' ಎಂದು ತಮ್ಮ ಮಾತಿಗೆ ಪಳಗಿಸಿಕೊಂಡರು. ಇಂದಿಗೂ ಹಾಗೆಯೇ ಹೇಳುತ್ತಾರೆ. ಹದಿನೇಳನೆಯ ಶತಮಾನದ ಇಂಗ್ಲಿಷ್ ಗ್ರಂಥಕಾರರೂ 'ಹಾಲೊ ವೇನ್', 'ಗೇಟ್ ವೇನ್' ಎಂದು ತಮ್ಮ ಮನೆಯ ಮಾತುಗಳಲ್ಲಿ ಬರೆದು ನೋಡಿದರು. ಅವು ಬಾಳಲಿಲ್ಲ. ಇಂಗ್ಲಿಷ್ ವೈದ್ಯರು ಮೊದಲನೆಯದನ್ನು ಮರಳಿ ಲ್ಯಾಟಿನ್ನಿಗೇ ಒಪ್ಪಿಸಿದರು; ಎರಡನೆಯದನ್ನು 'ಪೋರ್ಟಲ್' ಎಂದು ಲ್ಯಾಟಿನ್ ಉಡುಪಿನಲ್ಲಿ ಇರಿಸಿಕೊಂಡರು. ಫ್ರೆಂಚ್ ರೋಗಿಗೆ ಅರೆಬರೆಯಾದರೂ ಅರ್ಥವಾಗುವ ಹೆಸರು ಇಂಗ್ಲಿಷ್ ರೋಗಿಗೆ ಮಂತ್ರದಂತೆ ಕೇಳಿಸುವುದು ಹೀಗೆ.

ಇನ್ನು ತಪ್ಪು ಹೆಸರುಗಳ ಮಾತು. ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗುವ ನಾಳವನ್ನು ಹಳಬರು 'ಧಮನಿಯಂಥ ಸಿರೆ' ಎಂದು ಕರೆದಿದ್ದರು. ಬಲಭಾಗದ ನಾಳವಾದ್ದರಿಂದ ಅದು ಸಿರೆ. ಗೋಡೆ ದಪ್ಪವಾಗಿರುವುದರಿಂದ ಧಮನಿಯಂಥದು. ಶ್ವಾಸಕೋಶದಿಂದ ಹೃದಯದ ಎಡಭಾಗಕ್ಕೆ ಬರುವ ನಾಳ ಇದಕ್ಕೆ ವಿರುದ್ಧವಾಗಿ 'ಸಿರೆಯಂಥ ಧಮನಿ' ಎನಿಸಿತು. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ದೇಹದಲ್ಲಿ ಸುತ್ತಿ ಬರುತ್ತದೆಂದು ಸಾಧಿಸಿದಾಗ ಈ ಹೆಸರುಗಳ ಆಧಾರವೇ ಕುಸಿಯಿತು. ಹೃದಯದಿಂದ ಹೊರಗೆ ಒಯ್ಯುವುದು ಧಮನಿ, ಹೃದಯಕ್ಕೆ ಮರಳಿ ತರುವುದು ಸಿರೆ ಎಂಬ ಹೊಸ ನಿಯಮ ಮೂಡಿತು. 1637ರಲ್ಲಿ ರೆನೆ ದೆಕಾರ್ತ್ ತನ್ನ ಪ್ರಸಿದ್ಧವಾದ ವಿಧಾನ ಪ್ರಬಂಧವನ್ನು ಫ್ರೆಂಚಿನಲ್ಲಿ ಬರೆದ. ಹೃದಯ ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲಿ ಅವನು ಹಾರ್ವೆಯೊಡನೆ ಒಮ್ಮತ ಹೊಂದದಿದ್ದರೂ ರಕ್ತಪರಿಚಲನೆಯನ್ನು ಒಪ್ಪಿದ್ದ. ಅವನು ಆ ಎರಡು ಹಳೆಯ ಹೆಸರುಗಳನ್ನೇ ಬಳಸುತ್ತಾನೆ. ಬಳಸಿ, ಇವು ತಪ್ಪಾಗಿ ಇಟ್ಟ ಹೆಸರುಗಳು, ಮೊದಲನೆಯದು ನಿಜವಾಗಿ ಧಮನಿಯೇ ಎಂದು ಆಕ್ಷೇಪಿಸುತ್ತಾನೆ.

ಈ ಪ್ರಬಂಧ 1649ರಲ್ಲಿ ಇಂಗ್ಲಿಷಿಗೆ ಬಂತು. ಇದನ್ನು ಇಂದು ಯಾರಾದರೂ ಅನುವಾದಿಸುವುದಾದರೆ 'ವೆನ್ ಆರ್ತೇರ್ಯೂಜ್' ಎಂಬಲ್ಲಿ ಏನು ಬರೆಯಬೇಕು? ಈಗಿನ ಶಾಸ್ತ್ರಶುದ್ಧ ಹೆಸರಾದ 'ಪಲ್ಮನರಿ ಆರ್ಟರಿ' ಎಂದು ಬರೆದರೆ ದೇಹಶಾಸ್ತ್ರ ಸರಿಯಾಗುತ್ತದೆ, ವಾಕ್ಯ ಸಾಯುತ್ತದೆ. ಆ ಹೆಸರಿನಲ್ಲಿ ತಪ್ಪೇ ಇಲ್ಲದ ಮೇಲೆ ದೆಕಾರ್ತನ ಆಕ್ಷೇಪಕ್ಕೆ ಅರ್ಥವೆಲ್ಲಿ? ಇಲ್ಲಿ ಅನುವಾದಕ ತಪ್ಪನ್ನು ತಪ್ಪಾಗಿಯೇ ದಾಟಿಸಬೇಕು. ಚರಿತ್ರೆಯ ಗ್ರಂಥದಲ್ಲಿ ತಿದ್ದುಪಡಿ ಎಂಬುದು ಒಂದು ಬಗೆಯ ಅಳಿಸಿಹಾಕುವಿಕೆ.

ಫ್ರಾನ್ಸಿನಲ್ಲಿ ಈ ಹೊಸ ವಿಚಾರಕ್ಕೆ ಸುಲಭವಾಗಿ ಸ್ವಾಗತ ದೊರೆಯಲಿಲ್ಲ ಎಂಬುದನ್ನೂ ನೆನೆಯಬೇಕು. ಪ್ಯಾರಿಸಿನ ಜಾನ್ ರಿಯೊಲಾನ್, ಗಿ ಪತಾನ್ ಮೊದಲಾದ ಪಂಡಿತರು ಪರಿಚಲನೆಯನ್ನು ಕಟುವಾಗಿ ವಿರೋಧಿಸಿದರು. ಪರಿಚಲನೆಯನ್ನು ನಂಬಿದವರಿಗೆ 'ಸರ್ಕ್ಯುಲೇತರ್' ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಅದಕ್ಕೆ ಊರೂರು ತಿರುಗುವ ಠಕ್ಕ ಎಂಬ ಅರ್ಥವೂ ಇತ್ತು. 1673ರಲ್ಲಿ ನಾಟಕಕಾರ ಮೊಲಿಯೇರ್ ತನ್ನ ಕೊನೆಯ ನಾಟಕದಲ್ಲಿ, ಪರಿಚಲನೆಯ ವಿರುದ್ಧ ಪ್ರಬಂಧ ಬರೆದ ಮಂದಮತಿ ವೈದ್ಯನೊಬ್ಬನನ್ನು ರಂಗಕ್ಕೆ ತಂದು ನಗೆಪಾಟಲು ಮಾಡಿದ. ಪಂಡಿತರ ಶ್ಲೇಷೆಗೆ ನಾಟಕಕಾರನಿಂದ ತಕ್ಕ ಉತ್ತರ ದೊರೆಯಿತು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ ಯೂರೋಪಿನ ವೈದ್ಯವಿದ್ಯೆಯ ರಾಜಧಾನಿಯಾಯಿತು. ದೊಡ್ಡ ಆಸ್ಪತ್ರೆಗಳು, ಹಾಸಿಗೆಯ ಬಳಿಯ ಪಾಠ, ಸತ್ತ ಮೇಲೆ ಶವಪರೀಕ್ಷೆ: ಇವನ್ನು ಕಲಿಯಲು ಇಂಗ್ಲೆಂಡಿನಿಂದ, ಅಮೆರಿಕದಿಂದ ಯುವಕರು ಬರುತ್ತಿದ್ದರು. 1816ರಲ್ಲಿ ಲಾಯೆನೆಕ್ ಎಂಬ ವೈದ್ಯ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ, ಸ್ಟೆತಾಸ್ಕೋಪ್ ಹುಟ್ಟಿತು. 1819ರಲ್ಲಿ ಅವನ ಗ್ರಂಥ ಹೊರಬಂತು. 1821ರಲ್ಲಿ ಜಾನ್ ಫೋರ್ಬ್ಸ್ ಎಂಬ ವೈದ್ಯ ಅದನ್ನು ಇಂಗ್ಲಿಷಿಗೆ ತಂದ. ತಾನು ಅನುವಾದಿಸಿದ ಈ ಉಪಕರಣ ಸಾಮಾನ್ಯ ಬಳಕೆಗೆ ಬರುವುದೆಂಬ ನಂಬಿಕೆ ಮುನ್ನುಡಿ ಬರೆಯುವಾಗ ಅವನಿಗೇ ಇರಲಿಲ್ಲ ಎಂಬುದು ಸೋಜಿಗ.

ಈಗ ಅನುವಾದಕನ ಮುಂದೆ ಹೊಸ ತೊಡಕು. ಇದುವರೆಗೆ ಕಣ್ಣಿಗೆ ಕಾಣುವ ನಾಳಗಳಿಗೆ ಹೆಸರು ಹುಡುಕಬೇಕಾಗಿತ್ತು; ಇನ್ನು ಮೇಲೆ ಕಿವಿಗೆ ಕೇಳುವ ಸದ್ದುಗಳಿಗೆ. ಎದೆಯ ಗೊರಗೊರ ಸದ್ದಿಗೆ ಲಾಯೆನೆಕ್ 'ರಾಲ್' ಎಂದಿದ್ದ. ಆದರೆ ಜನರ ಮಾತಿನಲ್ಲಿ ಅದು ಸಾಯುವವನ ಗಂಟಲ ಗೊರಕೆ. ರೋಗಿಯ ಕಿವಿಗೆ ಬಿದ್ದರೆ ಅವನು ಹೆದರಿಯಾನೆಂದು ಹಾಸಿಗೆಯ ಬಳಿ ಲಾಯೆನೆಕ್ 'ರಾಂಕಸ್' ಎಂಬ ಲ್ಯಾಟಿನ್ ಪದವನ್ನು ಬಳಸುತ್ತಿದ್ದ. ಫೋರ್ಬ್ಸ್ ತನ್ನ ಅನುವಾದದಲ್ಲಿ ಆ ಲ್ಯಾಟಿನ್ ಪದವನ್ನೇ ಎತ್ತಿಕೊಂಡ. ಪಾರೆಯ ಕಾಲದ ಪಂಡಿತರು ಅಧಿಕಾರಕ್ಕಾಗಿ ಕಾಪಾಡಿಕೊಂಡಿದ್ದ ಲ್ಯಾಟಿನ್ ಇಲ್ಲಿ ಕರುಣೆಗಾಗಿ ಬಳಕೆಯಾಯಿತು. ಒಂದೇ ಪರದೆ, ಎಳೆದ ಕೈ ಬೇರೆ.

ರಕ್ತನಾಳದ ಸದ್ದಿಗೆ ಫ್ರೆಂಚರು 'ಬ್ರುಯಿ' ಎಂದರು. ಸಂತೆಯ ಗದ್ದಲಕ್ಕೂ ಬಾಗಿಲು ಬಡಿದ ಸದ್ದಿಗೂ ಸಲ್ಲುವ ತೀರ ಸಾಮಾನ್ಯವಾದ ಮಾತದು. ಹೃದಯದಲ್ಲೂ ಧಮನಿಯಲ್ಲೂ ಕೇಳುವ ಊದಿದಂಥ ಸದ್ದನ್ನು ಲಾಯೆನೆಕ್ ಕಮ್ಮಾರನ ತಿದಿಯ ಸದ್ದಿಗೆ ಹೋಲಿಸಿದ. ಇಂಗ್ಲಿಷರು 'ಬ್ರುಯಿ' ಎಂಬುದನ್ನು ಅನುವಾದಿಸದೆ ಹಾಗೆಯೇ ಇಟ್ಟುಕೊಂಡರು. ಇಂಗ್ಲಿಷ್ ಬಲ್ಲ ವೈದ್ಯನ ಬಾಯಲ್ಲಿ ಇಂದು ಅದಕ್ಕೆ ಸಂತೆಯಿಲ್ಲ, ಬಾಗಿಲಿಲ್ಲ. ಕತ್ತಿನಲ್ಲೋ ಹೊಟ್ಟೆಯಲ್ಲೋ ಇಕ್ಕಟ್ಟಾದ ಧಮನಿಯ ಸದ್ದು ಎಂಬ ಒಂದೇ ಅರ್ಥ. ಮನೆಯಲ್ಲಿ ಹತ್ತು ಕೆಲಸ ಮಾಡುತ್ತಿದ್ದ ಪದ ಪರದೇಶಕ್ಕೆ ಹೋಗಿ ಒಂದೇ ವಿದ್ಯೆಯಲ್ಲಿ ತಜ್ಞನಾಯಿತು.

ಇದಕ್ಕಿಂತ ರಸವತ್ತಾದದ್ದು ಬೂಯ್ಯೊ ಎಂಬ ಪ್ಯಾರಿಸ್ ವೈದ್ಯನ 'ಬ್ರುಯಿ ದ ದಿಯಾಬ್ಲ್'. ರಕ್ತಹೀನತೆಯಿಂದ ಬಿಳಚಿಕೊಂಡ ಎಳೆಯರ ಕತ್ತಿನ ಸಿರೆಗಳಲ್ಲಿ ಎಡೆಬಿಡದೆ ಕೇಳುವ ಗುಂಯ್‌ಗುಟ್ಟುವಿಕೆ ಅದು. ನಿಘಂಟು ಹಿಡಿದವನು ಇದನ್ನು 'ಪಿಶಾಚಿಯ ಸದ್ದು' ಎಂದಾನು. ಆದರೆ ದಿಯಾಬ್ಲ್ ಎಂಬುದು ಫ್ರೆಂಚ್ ಮಕ್ಕಳ ಒಂದು ಆಟಿಕೆಯ ಹೆಸರು. ತಿರುಗಿಸಿದರೆ ನಮ್ಮ ಬುಗುರಿಯಂತೆ ಗುಂಯ್ ಎನ್ನುತ್ತದೆ. ಇಂಗ್ಲಿಷರು ಬಹುಕಾಲ ಫ್ರೆಂಚ್ ಹೆಸರನ್ನೇ ಹೇಳುತ್ತಿದ್ದು, ಜೊತೆಗೆ 'ವೀನಸ್ ಹಮ್', ಅಂದರೆ ಸಿರೆಯ ಗುನುಗು ಎಂಬ ಹೆಸರನ್ನೂ ರೂಢಿಸಿದರು. ಇದು ಸಾಮಾನ್ಯವಾಗಿ ನಿರಪಾಯವಾದ ಸದ್ದು. ಮಗಳ ಕತ್ತಿನಲ್ಲಿ ಪಿಶಾಚಿ ಕೂಗುತ್ತಿದೆ ಎಂದು ತಾಯಿಗೆ ಹೇಳುವುದಕ್ಕೂ ಬುಗುರಿ ತಿರುಗುತ್ತಿದೆ ಎಂದು ಹೇಳುವುದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಕುದುರೆಯ ಲಾಯದಿಂದ ಬಂದ ಹೆಸರೂ ಒಂದುಂಟು. 1831ರಲ್ಲಿ ಬೂಲೆ ಎಂಬ ಪಶುವೈದ್ಯ, ಕಾಲಿನ ಧಮನಿ ಕಟ್ಟಿಹೋದ ಕುದುರೆ ಸ್ವಲ್ಪ ದೂರ ಓಡಿ ಕುಂಟುವುದನ್ನೂ ದಣಿವಾರಿದ ಮೇಲೆ ಮತ್ತೆ ಸರಿಯಾಗಿ ನಡೆಯುವುದನ್ನೂ ವರ್ಣಿಸಿದ. 1858ರಲ್ಲಿ ಶಾರ್ಕೊ ಅದೇ ಸ್ಥಿತಿಯನ್ನು ಮನುಷ್ಯನಲ್ಲಿ ಗುರುತಿಸಿದ. ಫ್ರೆಂಚಿನ 'ಕ್ಲೊದಿಕಾಸಿಯೊ ಅಂತೆರ್ಮಿತಾಂತ್', ಅಂದರೆ ಬಿಟ್ಟು ಬಿಟ್ಟು ಬರುವ ಕುಂಟು, ಇಂಗ್ಲಿಷಿನಲ್ಲಿ 'ಇಂಟರ್ಮಿಟೆಂಟ್ ಕ್ಲಾಡಿಕೇಶನ್' ಎಂದು ನೆಲೆಗೊಂಡಿತು. ಮನುಷ್ಯನಾದರೋ ಅನೇಕ ವೇಳೆ ಕುಂಟುವುದೇ ಇಲ್ಲ. ಮೀನಖಂಡದ ನೋವಿನಿಂದ ನಡುದಾರಿಯಲ್ಲಿ ನಿಂತುಬಿಡುತ್ತಾನೆ. ಕುದುರೆಯ ಕುಂಟು ಮಾತ್ರ ಅವನ ರೋಗದ ಹೆಸರಿನಲ್ಲಿ ಇಂದಿಗೂ ಓಡುತ್ತಿದೆ.

ಇವೆಲ್ಲಕ್ಕಿಂತ ಅಪಾಯಕರವಾದವು ಎರಡೂ ಭಾಷೆಗಳಲ್ಲಿ ಒಂದೇ ಮುಖವುಳ್ಳ ಪದಗಳು. ಇಂಗ್ಲಿಷರು 'ಬ್ರೇಕಿಯಲ್' ಎನ್ನುವ ತೋಳಿನ ಧಮನಿಯನ್ನು ಫ್ರೆಂಚರು ತೋಳಿನ ಎಲುಬಿನ ಹೆಸರಿನಿಂದ 'ಹ್ಯುಮೆರಾಲ್' ಎನ್ನುತ್ತಿದ್ದರು. ಮುಂಗೈಯ 'ಕ್ಯುಬಿತಾಲ್' ಎಂಬುದು ಇಂಗ್ಲಿಷಿನಲ್ಲಿ 'ಅಲ್ನರ್'. ಇವು ತಿಳಿದವನಿಗೆ ಸುಲಭ. ಆದರೆ 'ಕೊರೊನೇರ್ ಸ್ಟೊಮಾಕಿಕ್' ಎಂಬುದನ್ನು ನೋಡಿ. ಕೊರೊನೇರ್ ಎಂದರೆ ಕಿರೀಟದಂತೆ ಸುತ್ತುವರಿದದ್ದು. ಇಂಗ್ಲಿಷ್ ವೈದ್ಯನಿಗೆ 'ಕೊರೊನರಿ' ಎಂದೊಡನೆ ಹೃದಯ ನೆನಪಾಗುತ್ತದೆ. ಫ್ರೆಂಚ್ ಗ್ರಂಥದ ಈ ಧಮನಿಯಾದರೋ ಜಠರದ ಅಂಚಿಗೆ ಬಳಸಿ ಹೋಗುವುದು. ಅದರ ಇಂಗ್ಲಿಷ್ ಹೆಸರು 'ಲೆಫ್ಟ್ ಗ್ಯಾಸ್ಟ್ರಿಕ್'. ಅಕ್ಷರಕ್ಕೆ ನಿಷ್ಠನಾದ ಅನುವಾದಕ ಹೊಟ್ಟೆಯ ಧಮನಿಯನ್ನು ಎದೆಗೆ ಏರಿಸಿಬಿಡುತ್ತಾನೆ. ಇಲ್ಲಿ ಪದವನ್ನು ಪೂರ್ತಿಯಾಗಿ ಕೈಬಿಟ್ಟವನೇ ಮೂಲಕ್ಕೆ ನಿಷ್ಠನಾದವನು.

ಇಂಥ ಗೊಂದಲವನ್ನು ಕಳೆಯಲು 1895ರಲ್ಲಿ ಬಾಸೆಲ್ ನಗರದಲ್ಲಿ ಸೇರಿದ ಅಂಗರಚನಾ ಶಾಸ್ತ್ರಜ್ಞರು ಎಲ್ಲ ಭಾಗಗಳಿಗೂ ಲ್ಯಾಟಿನ್ ಹೆಸರುಗಳ ಪಟ್ಟಿಯೊಂದನ್ನು ಒಪ್ಪಿದರು. 1955ರಲ್ಲಿ ಪ್ಯಾರಿಸಿನಲ್ಲೇ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಹೊಸ ಪಟ್ಟಿಯನ್ನು ಅಂಗೀಕರಿಸಿತು. 1998ರಲ್ಲಿ ಇನ್ನೊಂದು ಪರಿಷ್ಕರಣ ಪ್ರಕಟವಾಯಿತು. ಈಗಿನ ಫ್ರೆಂಚ್ ಪುಸ್ತಕಗಳು ಎಷ್ಟೋ ಹಳೆಯ ಹೆಸರುಗಳನ್ನು ಬಿಟ್ಟುಕೊಟ್ಟಿವೆ. ಆದರೂ ಹಳೆಯ ಗ್ರಂಥಗಳು ಕಪಾಟಿನಲ್ಲಿವೆ. ಹಿರಿಯ ವೈದ್ಯರ ನಾಲಗೆಯ ಮೇಲೆ ಹಳೆಯ ಮಾತುಗಳಿವೆ. ಸಮ್ಮೇಳನದ ನಿರ್ಣಯದಿಂದ ಪಟ್ಟಿ ಬದಲಾಗುತ್ತದೆ. ನಾಲಗೆ ನಿಧಾನವಾಗಿ ಬದಲಾಗುತ್ತದೆ.

ದೂರದ ಈ ಕಥೆ ನಮ್ಮ ಮನೆಯ ಬಾಗಿಲಿಗೂ ಬಂದು ನಿಲ್ಲುತ್ತದೆ. ಕೈ ಮೇಲೆ ಉಬ್ಬಿ ಕಾಣುವ ಸಿರೆಯನ್ನು ನಾವು 'ನರ' ಎನ್ನುತ್ತೇವೆ. ಮಿದುಳಿನಿಂದ ಹೊರಡುವ ತಂತುವೂ ನಮಗೆ ನರವೇ. ವೈದ್ಯನೂ ರೋಗಿಯೂ ಒಂದೇ ಮಾತಿನಲ್ಲಿ ಎರಡು ವಸ್ತುಗಳನ್ನು ಹೇಳುತ್ತಿರುತ್ತಾರೆ. ಶಾಲೆಯ ಪಾಠಗಳಲ್ಲಿ ಧಮನಿಯನ್ನು ಶುದ್ಧರಕ್ತನಾಳವೆಂದೂ ಸಿರೆಯನ್ನು ಅಶುದ್ಧರಕ್ತನಾಳವೆಂದೂ ಹೇಳಿಕೊಟ್ಟದ್ದುಂಟು. ಕೇಳಲು ಎಷ್ಟು ಸ್ಪಷ್ಟ! ಆದರೆ ಶ್ವಾಸಕೋಶಕ್ಕೆ ಹೋಗುವ ಧಮನಿಯಲ್ಲಿ ಇರುವುದು ಅಶುದ್ಧರಕ್ತ. ಶುದ್ಧರಕ್ತನಾಳದಲ್ಲಿ ಅಶುದ್ಧರಕ್ತ ಹೇಗೆ ಬಂತು ಎಂದು ಚೂಟಿಯಾದ ಹುಡುಗಿಯೊಬ್ಬಳು ಕೇಳಿದರೆ, ಅವಳು ಕೇಳುತ್ತಿರುವುದು ದೆಕಾರ್ತ್ ಎತ್ತಿದ ಆಕ್ಷೇಪವನ್ನೇ. ಇನ್ನು 'ಲೋಮನಾಳ'ವನ್ನು ನೋಡಿದರೆ, 1661ರಲ್ಲಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡ ಸೂಕ್ಷ್ಮನಾಳಗಳಿಗೆ ಸಂದ ಲ್ಯಾಟಿನ್ ಹೆಸರಿನ ಕೂದಲು ಕನ್ನಡದಲ್ಲೂ ಕೂದಲಾಗಿಯೇ ಉಳಿದಿದೆ. ಈ ಅನುವಾದ ಚೆನ್ನಾಗಿ ಒದಗಿಬಂದಿದೆ.

'ಧಮನಿ' ಎಂಬ ಮಾತಾದರೂ ನಮಗೆ ಬಹು ಹಳೆಯದು. ಸುಶ್ರುತ ಸಂಹಿತೆ 700 ಸಿರೆಗಳನ್ನೂ 24 ಧಮನಿಗಳನ್ನೂ ಎಣಿಸುತ್ತದೆ. ಅವು ಹೊರಡುವುದು ನಾಭಿಯಿಂದ. ಆ ಹಳೆಯ ಪದಕ್ಕೆ ನಾವು ಹಾರ್ವೆಯ ಹೊಸ ಅರ್ಥವನ್ನು ತುಂಬಿದ್ದೇವೆ. ಅದರ ಧಾತುವಿನ ಅರ್ಥವಾದರೋ ಊದುವುದು. ಗ್ರೀಕರು ಗಾಳಿಯನ್ನು ಕಂಡ ನಾಳಕ್ಕೇ ನಮ್ಮವರು ಊದುವಿಕೆಯ ಹೆಸರಿಟ್ಟಿದ್ದರು; ಲಾಯೆನೆಕ್ ಅದೇ ನಾಳದಲ್ಲಿ ತಿದಿಯ ಸದ್ದನ್ನು ಕೇಳಿದ.

ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿದರೆ ಒಳಗೆ ಬಡಿಯುತ್ತಿರುವುದು ನೆತ್ತರು. ಅದರ ಹೆಸರಿನಲ್ಲಿ ಇನ್ನೂ ಗಾಳಿಯಿದೆ. ಆ ಗಾಳಿಯನ್ನು ಎಲ್ಲಿ ಉಳಿಸಬೇಕು, ಎಲ್ಲಿ ಬಿಡಬೇಕು ಎಂದು ಬಲ್ಲವನ ಕೈಯಲ್ಲಿ ಪುಸ್ತಕವೂ ಕ್ಷೇಮ, ರೋಗಿಯೂ ಕ್ಷೇಮ.